ನಷ್ಟ ತಾಕು ವಿಧಾನ

ನಷ್ಟ ತಾಕು ವಿಧಾನವು ಯಾದೃಚ್ಛಿಕ ಬ್ಲಾಕ್ ವಿನ್ಯಾಸದ ಪ್ರಯೋಗದಲ್ಲಿ ಯಾವುದಾದರೊಂದು ತಾಕಿನ ಫಲಿತಾಂಶ ದೊರೆಯದೆ ಹೋದಾಗ, ಉಳಿದ ಅಂಕಿಅಂಶಗಳನ್ನು ವಿಶ್ಲೇಷಿಸಲು ಬಳಸುವ ಸಂಖ್ಯಾಶಾಸ್ತ್ರೀಯ ಕ್ರಮ. ಈ ವಿನ್ಯಾಸದಲ್ಲಿ ಹೊಲವನ್ನು ಮಣ್ಣಿನ ಗುಣ ಬಹುಮಟ್ಟಿಗೆ ಒಂದೇ ಆಗಿರುವ ಬ್ಲಾಕುಗಳಾಗಿ ವಿಂಗಡಿಸಿ, ಗೊಬ್ಬರ, ತಳಿ ಮುಂತಾದ ಎಲ್ಲ ಉಪಚಾರಗಳನ್ನೂ ಪ್ರತಿ ಬ್ಲಾಕಿನ ತಾಕುಗಳಿಗೆ ಚೀಟಿ ಎತ್ತಿದಂತೆ ಹಂಚಲಾಗುತ್ತದೆ. ಒಂದು ತಾಕಿನ ಬೆಳೆಯನ್ನು ದನಕರುಗಳು ಮೇಯ್ದರೂ ಈ ಸಮತೋಲನ ಕೆಡುತ್ತದೆ. ಆಗ ಸರಾಸರಿಗಳನ್ನು ನೇರವಾಗಿ ಹೋಲಿಸುವುದು ಸರಿಯಾಗದು.

ಇತಿಹಾಸ

ಎಫ್. ಇ. ಆಲನ್ ಮತ್ತು ಜಾನ್ ವಿಶಾರ್ಟ್ 1930ರಲ್ಲಿ ನಷ್ಟವಾದ ಒಂದು ತಾಕಿನ ಇಳುವರಿಯನ್ನು ಅಂದಾಜಿಸುವ ಸೂತ್ರವನ್ನು ಪ್ರಕಟಿಸಿದರು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಸಂಶೋಧನಾ ಕೇಂದ್ರದ ಫ್ರಾಂಕ್ ಯೇಟ್ಸ್ 1933ರಲ್ಲಿ, ದೋಷದ ವರ್ಗಗಳ ಮೊತ್ತವು ಕನಿಷ್ಠವಾಗುವಂತೆ ಬೆಲೆಯನ್ನು ಆರಿಸುವ ತತ್ತ್ವದಿಂದ ಈ ವಿಧಾನವನ್ನು ಒಂದಕ್ಕಿಂತ ಹೆಚ್ಚು ತಾಕುಗಳಿಗೂ ವಿಸ್ತರಿಸಿದರು.

ಸೂತ್ರ

ಯ = (ಕ × ಬ + ಚ × ಉ − ಮ) ÷ [(ಕ − 1)(ಚ − 1)]

ಇಲ್ಲಿ ಯ ಎಂಬುದು ಅಂದಾಜು ಬೆಲೆ, ಕ ಬ್ಲಾಕುಗಳ ಸಂಖ್ಯೆ, ಚ ಉಪಚಾರಗಳ ಸಂಖ್ಯೆ. ಬ, ಉ, ಮ ಎಂಬುವು ಕ್ರಮವಾಗಿ ಆ ಬ್ಲಾಕಿನ, ಆ ಉಪಚಾರದ ಮತ್ತು ಇಡೀ ಪ್ರಯೋಗದ ದೊರೆತ ಇಳುವರಿಗಳ ಮೊತ್ತಗಳು.

ಉದಾಹರಣೆ

3 ಬ್ಲಾಕು, 4 ಉಪಚಾರಗಳಿರುವ ಪ್ರಯೋಗದಲ್ಲಿ ಮೊದಲ ಉಪಚಾರದ ಇಳುವರಿ ಎರಡು ಬ್ಲಾಕುಗಳಲ್ಲಿ 20 ಮತ್ತು 22 ಕಿಲೋ; ಮೂರನೆಯದರಲ್ಲಿ ನಷ್ಟವಾಗಿದೆ. ಮೂರನೆಯ ಬ್ಲಾಕಿನ ಉಳಿದ ಮೂರು ತಾಕುಗಳ ಮೊತ್ತ 75, ಒಟ್ಟು ಮೊತ್ತ 255 ಎಂದಿರಲಿ. ಆಗ ಯ = (3 × 75 + 4 × 42 − 255) ÷ 6 = 23. ಆ ಉಪಚಾರದ ಬರಿಯ ಸರಾಸರಿ 21. ಮೂರನೆಯ ಬ್ಲಾಕಿನಲ್ಲಿ ಇತರ ಉಪಚಾರಗಳ ಸರಾಸರಿ 25, ಮೊದಲೆರಡರಲ್ಲಿ 23. ಈ ಫಲವತ್ತತೆಯ ವ್ಯತ್ಯಾಸವನ್ನು ಸೂತ್ರವು ಲೆಕ್ಕಕ್ಕೆ ತೆಗೆದುಕೊಂಡಿದೆ.

ವಿಶ್ಲೇಷಣೆಯಲ್ಲಿ ತಿದ್ದುಪಡಿ

ಅಂದಾಜು ಬೆಲೆಯು ಹೊಸ ಮಾಹಿತಿಯಲ್ಲ. ಲೆಕ್ಕವನ್ನು ಸುಗಮಗೊಳಿಸುವ ಸಾಧನ ಮಾತ್ರ. ಆದುದರಿಂದ ಒಟ್ಟು ಮತ್ತು ದೋಷದ ಸ್ವಾತಂತ್ರ್ಯಾಂಶಗಳಿಂದ ತಲಾ ಒಂದನ್ನು ಕಳೆಯಬೇಕು. ಮೇಲಿನ ಉದಾಹರಣೆಯಲ್ಲಿ ದೋಷದ ಸ್ವಾತಂತ್ರ್ಯಾಂಶ 6ರಿಂದ 5ಕ್ಕೆ ಇಳಿಯುತ್ತದೆ. ಉಪಚಾರಗಳ ವರ್ಗಗಳ ಮೊತ್ತವು ವಾಸ್ತವಕ್ಕಿಂತ ಹೆಚ್ಚಾಗಿ ತೋರುವುದರಿಂದ ಅದರಿಂದ [ಬ − (ಚ − 1)ಯ]² ÷ [ಚ(ಚ − 1)] ಅನ್ನು, ಅಂದರೆ ಇಲ್ಲಿ 36 ÷ 12 = 3 ಅನ್ನು, ಕಳೆಯಬೇಕು. ಹಾಗೆ ಮಾಡದಿದ್ದರೆ ಇಲ್ಲದ ವ್ಯತ್ಯಾಸವೂ ಇದೆಯೆಂದು ತೋರಬಹುದು.

ಮಿತಿಗಳು

ನಷ್ಟದ ಕಾರಣಕ್ಕೂ ಉಪಚಾರಕ್ಕೂ ಸಂಬಂಧವಿಲ್ಲದಿದ್ದರೆ ಮಾತ್ರ ಈ ವಿಧಾನ ಸಲ್ಲುತ್ತದೆ. ಪ್ರಯೋಗಿಸಿದ ಕಳೆನಾಶಕದಿಂದಲೇ ಬೆಳೆ ಸತ್ತಿದ್ದರೆ ಆ ತಾಕಿನ ಇಳುವರಿ ಸೊನ್ನೆ, ಅದೇ ಫಲಿತಾಂಶ. ಅದನ್ನು ನಷ್ಟವೆಂದು ಭಾವಿಸಿ ಅಂದಾಜು ಬೆಲೆ ತುಂಬಿದರೆ ಹಾನಿಕರ ಉಪಚಾರವು ನಿರಪಾಯಕಾರಿಯಂತೆ ಕಾಣುತ್ತದೆ. ಇಂದು ಗಣಕಯಂತ್ರಗಳು ಬೆಲೆ ತುಂಬದೆಯೇ, ದೊರೆತ ಅಂಕಿಗಳಿಂದ ಕನಿಷ್ಠ ವರ್ಗ ವಿಧಾನದಲ್ಲಿ ನೇರವಾಗಿ ವಿಶ್ಲೇಷಣೆ ನಡೆಸುತ್ತವೆ. ಆದರೆ ತಾಕು ಏಕೆ ನಷ್ಟವಾಯಿತೆಂಬುದನ್ನು ಪ್ರಯೋಗ ನಡೆಸಿದವರೇ ದಾಖಲಿಸಬೇಕು.