ಮೊದಲ ವಾಲ್ವಿನ ಕೆಲಸ: ಬೇಸ್ ಆಂಪ್ಲಿಫೈಯರಿನ ಪ್ರಿಆಂಪ್ ನಡೆದು ಬಂದ ದಾರಿ

ಹಳೆಯ ವಾಲ್ವ್ ಆಂಪ್ಲಿಫೈಯರುಗಳಿಗೆ ಮತ್ತೆ ಬೆಲೆ ಬಂದಿದೆ. ಸೊಲ್ಲಾಪುರ, ಹೋಟಗಿ, ಅಕ್ಕಲಕೋಟೆಯ ಕಡೆಯ ಬೇಸ್ ಗಿಟಾರ್ ಹುಡುಗರು ಮೂಲೆಗೆ ಬಿದ್ದ ಮೈಕ್ ಸೆಟ್ಟುಗಳನ್ನೂ ವಿಚಾರಿಸಿಕೊಂಡು ಬರುತ್ತಾರೆ. ಸೆಟ್ಟು ಕೈಗೆ ಸಿಕ್ಕ ಕೂಡಲೇ ಮುಂದಿನ ಸಣ್ಣ ವಾಲ್ವುಗಳನ್ನು, ಅಂದರೆ ಪ್ರಿಆಂಪ್ ವಾಲ್ವುಗಳನ್ನು, ಕಿತ್ತು ಬೇರೆ ಕಂಪನಿಯವನ್ನು ಹಾಕುವುದು ಈಗಿನ ರೂಢಿ. ದನಿಯ ಗುಣವೆಲ್ಲ ಗಾಜಿನ ಮೇಲಿನ ಹೆಸರಿನಲ್ಲಿದೆ ಎಂದು ಅವರು ನಂಬಿದ್ದಾರೆ. ಈ ನಂಬಿಕೆ ತಪ್ಪು. ಪ್ರಿಆಂಪ್ ವಾಲ್ವಿನ ಕೆಲಸವನ್ನು ಗೊತ್ತುಮಾಡುವುದು ಅದು ಕೂತ ಜಾಗ ಮತ್ತು ಅದರ ಸುತ್ತಲಿನ ರೆಸಿಸ್ಟೆನ್ಸ್, ಕಂಡೆನ್ಸರುಗಳು. ಈ ವಿದ್ಯೆ ಬೆಳೆದ ಬಗೆ ನೋಡಿದರೆ ಇದು ಸ್ಪಷ್ಟವಾಗುತ್ತದೆ.

1904ರಲ್ಲಿ ಫ್ಲೆಮಿಂಗ್ ಎರಡು ಎಲೆಕ್ಟ್ರೋಡಿನ ವಾಲ್ವ್ ಮಾಡಿದರು. 1906ರಲ್ಲಿ ಡಿ ಫಾರೆಸ್ಟ್ ನಡುವೆ ಗ್ರಿಡ್ ಸೇರಿಸಿದರು. ಕಾಲುವೆಯ ತೂಬನ್ನು ಒಂದು ಕೈಯಲ್ಲಿ ತುಸು ಎತ್ತಿದರೆ ದೊಡ್ಡ ನೀರು ಹರಿಯುವಂತೆ, ಗ್ರಿಡ್ಡಿನ ಅತಿ ಸಣ್ಣ ವೋಲ್ಟೇಜು ಪ್ಲೇಟಿನ ಕರೆಂಟನ್ನು ಆಡಿಸತೊಡಗಿತು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಆಕಾಶವಾಣಿ ಆರಂಭಿಸಿದ್ದು, 1950ರಲ್ಲಿ ಧಾರವಾಡ ನಿಲಯ ದನಿಗೂಡಿದ್ದು ಎಲ್ಲವೂ ಈ ಗ್ರಿಡ್ಡಿನ ಬಲದಿಂದ.

ಬೇಸ್ ಗಿಟಾರಿನ ಕತೆ ಶುರುವಾಗುವುದು 1951ರಲ್ಲಿ, ಫೆಂಡರ್ ಕಂಪನಿಯ ಪ್ರಿಸಿಷನ್ ಬೇಸ್‌ನಿಂದ. ಮರುವರ್ಷ ಅದಕ್ಕೆಂದೇ ಬಾಸ್‌ಮನ್ ಆಂಪ್ಲಿಫೈಯರ್ ಬಂತು. ಬೇಸಿನ ಅತಿ ಕೆಳಗಿನ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಈ ಕಂಪನವನ್ನು ಕೆಡಿಸದೆ ಪವರ್ ವಾಲ್ವಿಗೆ ಮುಟ್ಟಿಸುವುದೇ ಪ್ರಿಆಂಪಿನ ಹೊಣೆ.

1950ರ ದಶಕದ ಕೊನೆಯ ಬಾಸ್‌ಮನ್‌ನಲ್ಲಿ ಈ ಹೊಣೆ ಮೂರು ವಾಲ್ವುಗಳಿಗೆ ಹಂಚಿಕೆಯಾಗಿತ್ತು. ಮೊದಲನೆಯದು 12ಎವೈ7. ಪಿಕಪ್ಪಿನಿಂದ ಬಂದ ಸಣ್ಣ ಸಿಗ್ನಲನ್ನು ಅದು ಎತ್ತಿಕೊಡುತ್ತಿತ್ತು. ಅದರ ಆಂಪ್ಲಿಫಿಕೇಷನ್ ಅಂಶ, ಅಂದರೆ ಸಿಗ್ನಲನ್ನು ಹಿಗ್ಗಿಸುವ ಶಕ್ತಿಯ ಅಳತೆ, 44. ಎಲ್ಲರ ಬಾಯಲ್ಲಿರುವ 12ಎಎಕ್ಸ್7ಗೆ, ಅಂದರೆ ಯುರೋಪಿನ ಇಸಿಸಿ83ಗೆ, ಅದು 100. ಎರಡನೆಯ ವಾಲ್ವಿನ ಅರ್ಧ ಭಾಗ ಸಿಗ್ನಲನ್ನು ಇನ್ನಷ್ಟು ಬೆಳೆಸುತ್ತಿತ್ತು. ಉಳಿದರ್ಧ ದನಿ ಏರಿಸದೆ, ಟೋನ್ ಕಂಟ್ರೋಲುಗಳನ್ನು ನಡೆಸುವಷ್ಟು ಬಲ ಕೊಡುತ್ತಿತ್ತು. ಮೂರನೆಯದು ಸಿಗ್ನಲನ್ನು ಒಂದಕ್ಕೊಂದು ವಿರುದ್ಧವಾದ ಎರಡು ಪಾಲು ಮಾಡಿ ಜೋಡಿ ಪವರ್ ವಾಲ್ವುಗಳಿಗೆ ಹಂಚುತ್ತಿತ್ತು. ಮೂರಕ್ಕೂ ಒಂದೇ ಅಳತೆಯ ಗಾಜು, ಒಂಬತ್ತು ಪಿನ್ನು. ಕೆಲಸ ಮಾತ್ರ ಬೇರೆ ಬೇರೆ. ಮೂರನೆಯದನ್ನು ಬದಲಿಸಿ ದನಿಯ ಬಣ್ಣ ಬದಲಾಯಿತೆನ್ನುವವರು ಇದನ್ನು ಗಮನಿಸಬೇಕು.

ಈ ಬಾಸ್‌ಮನ್ ಗಿಟಾರಿನವರ ಕೈಗೆ ಹೋಗಿ, ಒಡೆದ ದನಿಗೆ (ಡಿಸ್ಟಾರ್ಷನ್‌ಗೆ) ಹೆಸರಾಯಿತು. ಇಂಗ್ಲೆಂಡಿನ ಮಾರ್ಷಲ್ 1962ರಲ್ಲಿ ಅದೇ ಸರ್ಕಿಟ್ಟಿನ ಮೇಲೆ ತಮ್ಮ ಮೊದಲ ಆಂಪ್ಲಿಫೈಯರ್ ಕಟ್ಟಿದರು. ವಾಲ್ವಿನ ಚರಿತ್ರೆ ಬರೆದವರಲ್ಲಿ ಹೆಚ್ಚಿನವರು ಈ ದಾರಿಯನ್ನೇ ಹಿಡಿದರು. ಬೇಸಿನ ನಿಜವಾದ ಪರಂಪರೆ ಇನ್ನೊಂದಿದೆ, ಆಂಪೆಗ್ ಕಂಪನಿಯದು. ಅದರ ಸ್ಥಾಪಕ ಎವರೆಟ್ ಹಲ್ ಸ್ವತಃ ಡಬಲ್ ಬೇಸ್ ನುಡಿಸುವವರು. ಒಡೆದ ದನಿ ಅವರಿಗೆ ಸೇರುತ್ತಿರಲಿಲ್ಲ. 1960ರಲ್ಲಿ ಜೆಸ್ ಆಲಿವರ್ ಆಂಪೆಗ್‌ಗಾಗಿ ರೂಪಿಸಿದ ಬಿ-15 ಆಂಪ್ಲಿಫೈಯರಿನ ಪ್ರಿಆಂಪಿನಲ್ಲಿ ಹಳೆ ಮಾದರಿಯ ದೊಡ್ಡ 6ಎಸ್‌ಎಲ್7 ವಾಲ್ವುಗಳಿದ್ದವು. ಅವುಗಳ ಆಂಪ್ಲಿಫಿಕೇಷನ್ ಅಂಶ 70. ಅದೇ ಕಂಪನಿಯ 1969ರ ಎಸ್‌ವಿಟಿ ಆಂಪ್ಲಿಫೈಯರ್ 300 ವಾಟ್ ಮುಟ್ಟಿತು. ದನಿ ಎಷ್ಟೇ ಏರಲಿ, ಕೆಳಸ್ವರ ಗುಂಡಗೆ ನಿಲ್ಲಬೇಕೆಂಬುದು ಈ ಪಂಥದ ಹಟ. ಬೇಸಿಗೆ ಇದೇ ಸರಿಯಾದ ಶಿಸ್ತು.

ನಮ್ಮ ಕಡೆಯ ಮೈಕ್ ಸೆಟ್ಟಿನವರು ಅಮೆರಿಕದ ಹೆಸರುಗಳನ್ನು ಕೇಳದೆಯೇ ಇದೇ ಶಿಸ್ತಿಗೆ ಬಂದಿದ್ದರು. ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಹುಟ್ಟಿದ್ದು 1954ರಲ್ಲಿ. 1961ರಲ್ಲಿ ಅಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆ ಮೊದಲಾಯಿತು. ಅಲ್ಲಿಯ ಇಸಿಸಿ83 ನಮ್ಮ ಪೀಳಿಗೆಯ ಅನ್ನ. ಅದು ಸಿಗದಿದ್ದರೆ ಮುಂಬೈಯ ಲ್ಯಾಮಿಂಗ್ಟನ್ ರಸ್ತೆ ಇತ್ತು. ವಿಜಯಪುರದ ಹಾದಿಯೂ ವಾಡಿಯ ಹಾದಿಯೂ ಕವಲೊಡೆಯುವ ಹೋಟಗಿ ಜಂಕ್ಷನ್ನಿನಲ್ಲಿ ಮಾಲು ಇಳಿಸಿಕೊಳ್ಳುವುದು ಸುಲಭವಾಗಿತ್ತು. ಜಾತ್ರೆ, ಭಜನೆ, ಬಯಲಾಟಕ್ಕೆ ಓಡಾಡಿದ ಸೆಟ್ಟುಗಳಿಗೇ ಮದುವೆ ಆರ್ಕೆಸ್ಟ್ರಾಗಳ ಬೇಸ್ ಗಿಟಾರೂ ಬಂದು ಸೇರಿತು. ಡಗ್ಗಾದ ಗುಮ್ಮನ್ನು ಕಾಪಾಡಲು ಕಲಿತಿದ್ದ ಕೈಗಳಿಗೆ ಬೇಸ್ ಹೊಸ ಸಮಸ್ಯೆಯಾಗಲಿಲ್ಲ.

ಆ ಕೈಗಳ ತಿಳಿವಳಿಕೆ ಲೆಕ್ಕಕ್ಕೂ ಸರಿಹೊಂದುತ್ತದೆ. ಎರಡು ವಾಲ್ವುಗಳ ನಡುವೆ 0.02 ಮೈಕ್ರೋಫ್ಯಾರಡ್ ಕಂಡೆನ್ಸರು, ಮುಂದೆ 1 ಮೆಗಓಮ್ ರೆಸಿಸ್ಟೆನ್ಸ್ ಇದ್ದರೆ ಸುಮಾರು 8 ಹರ್ಟ್ಸ್‌ವರೆಗೂ ದಾರಿ ತೆರೆದಿರುತ್ತದೆ. ಅಲ್ಲಿ 0.001 ಹಾಕಿದರೆ ಸುಮಾರು 160 ಹರ್ಟ್ಸ್‌ಗಿಂತ ಕೆಳಗಿನದೆಲ್ಲ ಸೊರಗುತ್ತದೆ. ಆಮೇಲೆ ಯಾವ ದೇಶದ ವಾಲ್ವ್ ತಂದರೂ ಬೇಸ್ ಮರಳದು. ಕ್ಯಾಥೋಡಿನ 25 ಮೈಕ್ರೋಫ್ಯಾರಡ್ ಕಂಡೆನ್ಸರು ಒಣಗಿದರೆ ವಾಲ್ವಿನ ಗೇನ್ ಕುಸಿಯುತ್ತದೆ. ಹೀಟರ್ ವೈರನ್ನು ಹುರಿಗೊಳಿಸದಿದ್ದರೆ ಹಮ್ಮಿಂಗ್ ಮೊದಲ ವಾಲ್ವಿನಲ್ಲೇ ನುಗ್ಗಿ, ಸಿಗ್ನಲಿನ ಜೊತೆಗೇ ಬೆಳೆಯುತ್ತದೆ. ಪೆಟ್ಟಿಗೆಯ ನಡುಕಕ್ಕೆ ಕಿಣಿಗುಡುವ ವಾಲ್ವನ್ನು ಮಾತ್ರ ಖಂಡಿತ ಬದಲಿಸಬೇಕು. ಹೀಗೆ ವಾಲ್ವ್ ಬದಲಿಸುವುದಕ್ಕೂ ಕಾರಣ ಬೇಕು, ಮತ್ತು ಆ ಕಾರಣವನ್ನು ಹೇಳುವುದು ಕಿವಿ ಮತ್ತು ಮೀಟರು.

ಟ್ರಾನ್ಸಿಸ್ಟರು ಬಂದ ಮೇಲೆ ಈ ವಿದ್ಯೆಯನ್ನು ನಮ್ಮಲ್ಲಿ ಬರೆದಿಟ್ಟವರು ಕಡಿಮೆ. ವಿದೇಶದ ಪುಸ್ತಕಗಳಲ್ಲಿ ಒಡೆದ ಗಿಟಾರಿನ ದನಿಗೆ ಅಧ್ಯಾಯಗಳಿವೆ. ಒಡೆಯದ ಕೆಳಸ್ವರಕ್ಕೆ ಪುಟಗಳು ಕಡಿಮೆ. ಬಿಇಎಲ್‌ನಲ್ಲಿ ವಾಲ್ವ್ ಜೋಡಿಸಿದ ಕೆಲಸಗಾರರ ಅನುಭವ, ಗಡಿಯ ಊರುಗಳ ಮೆಕ್ಯಾನಿಕ್ಕುಗಳು ಸೆಟ್ಟಿನ ತಳದಲ್ಲಿ ಅಂಟಿಸಿದ ಸರ್ಕಿಟ್ ಚೀಟಿಗಳು ಇನ್ನೂ ಅಲ್ಲಲ್ಲಿ ಉಳಿದಿವೆ. ಈ ಚೀಟಿಗಳು ಮರಾಠಿಯಲ್ಲಿವೆಯೋ ಕನ್ನಡದಲ್ಲಿವೆಯೋ ಎಂಬ ಜಗಳ ಬೇಡ. ಎರಡೂ ಒಂದೇ ಬೆಂಚಿನ ಮೇಲೆ ಹುಟ್ಟಿದವು. ಹಳೆ ಸೆಟ್ಟು ಕೊಳ್ಳುವವರು ಮೊದಲು ಆ ಚೀಟಿಯ ಫೋಟೊ ತೆಗೆಯಲಿ, ಪ್ರತಿ ಪಿನ್ನಿನ ವೋಲ್ಟೇಜು ಬರೆದುಕೊಳ್ಳಲಿ, ಆಮೇಲೆ ಬದಲಾವಣೆಗೆ ಕೈಹಾಕಲಿ. ಅಂಥ ನೂರು ಪುಟ ಕೂಡಿದರೆ ಕನ್ನಡದಲ್ಲಿ ಈ ವಿದ್ಯೆಗೆ ಒಂದು ಪಠ್ಯ ಸಿದ್ಧವಾಗುತ್ತದೆ.