ತಪ್ಪು ಊಹೆಯ ಮೇಲೆ ಕಟ್ಟಿದ ಮಾಟುಂಗಾ

ಭಾವೂ ದಾಜಿ ರಸ್ತೆಯ ಮೈಸೂರು ಅಸೋಸಿಯೇಷನ್ನಿನಲ್ಲಿ ನಾಟಕ ನೋಡಿ ಹೊರಬಂದಾಗಲೆಲ್ಲ ಹೆಂಡತಿಗೆ ಹೇಳುತ್ತೇನೆ: ಮಾಟುಂಗಾದ ಈ ಅಗಲ ರಸ್ತೆಗಳು ನಮಗೆ ದಕ್ಕಿದ್ದು ಒಂದು ತಪ್ಪು ಊಹೆಯಿಂದ. "ಶುರುವಾಯ್ತು ನಿಮ್ಮ ಇಲಿ ಪುರಾಣ" ಅನ್ನುತ್ತಾಳೆ.

ಇಲಿ ಪುರಾಣವೇ ಹೌದು. 1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡ್ವಿಯಲ್ಲಿ ರೋಗಿಗಳ ಜ್ವರ, ತೊಡೆಸಂದಿನ ಗೆಡ್ಡೆ ನೋಡಿ ಡಾ. ಅಕಾಸಿಯೊ ವಿಯೇಗಸ್ ಇದು ಪ್ಲೇಗು ಎಂದರು. ಅಲ್ಲಿನ ಗೋದಾಮುಗಳಲ್ಲಿ ಇಲಿಗಳೂ ಸಾಯುತ್ತಿದ್ದವು. ರೋಗದ ಹೆಸರೇನೋ ಸಿಕ್ಕಿತು, ಹರಡುವ ದಾರಿ ಸಿಗಲಿಲ್ಲ. ಕೊಳೆ, ನೆಲದ ತೇವ, ಗಾಳಿಯಾಡದ ಕೋಣೆಗಳೇ ಕಾರಣವೆಂದು ಸರಕಾರ ಬಗೆಯಿತು. ಚರಂಡಿಗೆ ಸಮುದ್ರದ ನೀರು, ಕಾರ್ಬಾಲಿಕ್ ಆಮ್ಲ ಸುರಿದರು; ಮಾಡು ಕಿತ್ತು ಬಿಸಿಲು ಬಿಟ್ಟರು. ಅದೇ ಊಹೆಯ ಮೇಲೆ 1898ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಹುಟ್ಟಿತು. ದಾದರ್–ಮಾಟುಂಗಾ ಬಡಾವಣೆ ಅದರದೇ ಯೋಜನೆ. (ಪೂರ್ತಿ ತಪ್ಪೂ ಅಲ್ಲ ಬಿಡಿ, ಕೊಳೆ ಇದ್ದಲ್ಲಿ ಇಲಿ ಇರುತ್ತದೆ.)

ಕುರುಹು ಹಿಡಿದು ಕಾರಣದತ್ತ ಹಿಂದಕ್ಕೆ ನಡೆಯುವ ಈ ತರ್ಕವನ್ನು ಅಮೆರಿಕದ ತತ್ತ್ವಜ್ಞಾನಿ ಪರ್ಸ್ 'ಅಬ್ಡಕ್ಷನ್' ಎಂದ. ನಮ್ಮ ಮೀಮಾಂಸಕರ ಅರ್ಥಾಪತ್ತಿ ಅದರ ಹತ್ತಿರದ ನೆಂಟ: ಹಗಲು ಉಣ್ಣದ ದೇವದತ್ತ ದಪ್ಪಗಿದ್ದಾನೆಂದರೆ ರಾತ್ರಿ ಉಣ್ಣುತ್ತಿರಬೇಕು. ಇದನ್ನು ಯಂತ್ರಕ್ಕೆ ಕಲಿಸುವ ಬಗ್ಗೆ 1973ರಲ್ಲಿ ಹ್ಯಾರಿ ಪೋಪಲ್ ಬರೆದರು. ಪಿಟ್ಸ್‌ಬರ್ಗಿನಲ್ಲಿ ಅವರ ಇಂಟರ್ನಿಸ್ಟ್ ಪ್ರೋಗ್ರಾಂ ರೋಗಗಳಿಗೆ ಅಂಕ ಹಾಕುತ್ತಿತ್ತು. ವಿವರಿಸಿದ ಲಕ್ಷಣಕ್ಕೆ ಅಂಕ. ಇರಬೇಕಾದದ್ದು ಕಾಣದಿದ್ದರೆ ಕಡಿತ. ಕಂಡದ್ದು ವಿವರಣೆಗೆ ದಕ್ಕದೆ ಉಳಿದರೂ ಕಡಿತ.

ಎಂಬತ್ತರ ದಶಕದ ಕೊನೆಗೆ, ಜುಹೂದ ರಾಷ್ಟ್ರೀಯ ಸಾಫ್ಟ್‌ವೇರ್ ತಂತ್ರಜ್ಞಾನ ಕೇಂದ್ರದ ಹೆಸರು ನಮ್ಮಂಥವರ ಬಾಯಲ್ಲಿ ಓಡಾಡುತ್ತಿದ್ದಾಗ, ನಾನೂ ಪ್ರೊಲಾಗ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿತೆ. ಇಂಟರ್ನಿಸ್ಟಿನ ಅಂಕದ ಲೆಕ್ಕವನ್ನೇ ಅನುಸರಿಸಿ 1896ರ ಮುಂಬಯಿಯನ್ನು ಒಂದು ಪುಟ್ಟ ಪ್ರೋಗ್ರಾಮಿಗೆ ತುಂಬಿದೆ. ಮೊದಲ ಸಲ 'ಕೊಳೆ'ಯೇ ಗೆದ್ದಿತು, ಏಕೆಂದರೆ ಮನುಷ್ಯರ ಸಾವನ್ನಷ್ಟೇ ಬರೆದಿದ್ದೆ. ಸತ್ತ ಇಲಿಗಳನ್ನು ಸೇರಿಸಿದ್ದೇ ತಡ, ಕೊಳೆ ಕೆಳಗಿಳಿಯಿತು, 'ಇಲಿ–ಚಿಗಟ–ಮನುಷ್ಯ' ಮೇಲೇರಿತು. ಅಂದು ನನ್ನ ಹಿಗ್ಗು ನೋಡಬೇಕಿತ್ತು.

ರಾತ್ರಿ ಮಲಗಿದ ಮೇಲೆ ಹೊಳೆಯಿತು. 1898ರಲ್ಲಿ ಪೌಲ್ ಲೂಯಿ ಸಿಮೋಂ ಕರಾಚಿಯಲ್ಲಿ ಜಾಲರಿಯ ಆಚೆ ರೋಗದ ಇಲಿ, ಈಚೆ ಆರೋಗ್ಯದ ಇಲಿ ಇಟ್ಟು ಚಿಗಟವನ್ನು ಹಿಡಿದ; ಬಹಳ ಮಂದಿ ನಂಬಲಿಲ್ಲ. ಆಮೇಲೆ ಗ್ಲೆನ್ ಲಿಸ್ಟನ್ ಮುಂಬಯಿಯ ಪ್ಲೇಗಿನ ಮನೆಗಳಲ್ಲಿ ಗಿನಿಪಿಗ್‌ಗಳನ್ನು ಬಿಟ್ಟು, ಅವುಗಳ ಮೈಗೆ ಹತ್ತಿದ ಇಲಿಚಿಗಟಗಳನ್ನು ಹೆಕ್ಕಿದ. ನನ್ನ ಪ್ರೋಗ್ರಾಮಾದರೋ ಕೊಟ್ಟ ಪಟ್ಟಿಯೊಳಗಿಂದ ಆರಿಸಿತ್ತು, ಅಷ್ಟೆ. ಚಿಗಟವನ್ನು ಆ ಪಟ್ಟಿಗೆ ಕೈಯಾರೆ ಸೇರಿಸಿದವನು ನಾನೇ, ಸಿಮೋಂನ ಕತೆ ಓದಿದ ಮೇಲೆ.