ಸಾಂತ್ವನವಿದ್ಯೆಯ ಶಿಕ್ಷಣಕ್ರಮ: ಮಠದಿಂದ ಆಸ್ಪತ್ರೆಯವರೆಗೆ

ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ಸೀಮೆಯಲ್ಲಿ ವೀರಶೈವ ಮನೆಯೊಂದರ ಹಿರಿಯರು ಅಂತ್ಯಕಾಲಕ್ಕೆ ಸಮೀಪಿಸಿದರೆಂದರೆ, ವೈದ್ಯನು ಕೈಬಿಟ್ಟ ಮೇಲೆಯೂ ಬರತಕ್ಕವರು ಊರ ಮಠದ ಅಯ್ಯನವರು. ವಿಭೂತಿ ವೀಳ್ಯವನ್ನು ನಡೆಯಿಸಿ, ಮಲಗಿದವರ ಹಣೆಗೆ ಭಸ್ಮವಿಟ್ಟು, ಶಿವನಾಮವನ್ನು ಕೇಳಿಸಿ, ಅಳುವ ಮಕ್ಕಳ ನಡುವೆ ಕುಳಿತು ಧೈರ್ಯ ಹೇಳುವ ಆ ಕಾರ್ಯವು ಯಾವ ವಿಶ್ವವಿದ್ಯಾನಿಲಯದ ಪದವಿಯನ್ನೂ ಬೇಡದೆ ತಲೆಮಾರುಗಳಿಂದ ನಡೆದುಬಂದಿದೆ. ಪಶ್ಚಿಮದೇಶಗಳಲ್ಲಿ ಚಾಪ್ಲಿನ್ ಎನ್ನಿಸಿಕೊಂಡು ಆಸ್ಪತ್ರೆ, ಸೇನೆ, ಕಾರಾಗೃಹ, ವಿದ್ಯಾಪೀಠಗಳಲ್ಲಿ ದುಡಿಯುವ ಧರ್ಮಗುರುವಿನ ಕಾರ್ಯವೂ ಮೂಲತಃ ಇದೇ. ವ್ಯತ್ಯಾಸವಿರುವುದು ಅದಕ್ಕೆ ಅಣಿಗೊಳಿಸುವ ಶಿಕ್ಷಣದಲ್ಲಿ. ಆ ಶಿಕ್ಷಣವು ನಮ್ಮಲ್ಲಿ ಹೇಗೆ ಬೆಳೆಯಿತು, ಎಲ್ಲಿಗೆ ಬಂದು ನಿಂತಿತು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಗುರು ಕೊಟ್ಟೂರೇಶ್ವರನ ಕ್ಷೇತ್ರವೂ ಪಂಚಪೀಠಗಳಲ್ಲೊಂದಾದ ಉಜ್ಜಿನಿಯ ಸದ್ಧರ್ಮಪೀಠವೂ ಒಂದೇ ತಾಲ್ಲೂಕಿನೊಳಗಿರುವ ಈ ಸೀಮೆಯಲ್ಲಿ, ಮಠಕ್ಕೆ ಸೇರಿದ ವಟುವು ಗುರುವಿನ ಜೊತೆಯಲ್ಲಿದ್ದು, ಅವರೊಡನೆ ಮನೆಮನೆಗೆ ನಡೆದು, ನೋಡಿ ಕಲಿಯುವುದೇ ಬಹುಕಾಲದ ಕ್ರಮವಾಗಿದ್ದಿತು. ಗುರುವು ವಿದ್ವಾಂಸನೂ ಕರುಣಾಳುವೂ ಆಗಿದ್ದಲ್ಲಿ ಶಿಷ್ಯನಿಗೆ ಅದಕ್ಕಿಂತ ಉತ್ತಮವಾದ ಪಾಠಶಾಲೆ ಬೇರೊಂದಿಲ್ಲ. ಆಗಿರದಿದ್ದಲ್ಲಿ ಮಂತ್ರ ಮಾತ್ರ ಉಳಿದು ಮರ್ಮವು ಕಳೆದುಹೋಗುತ್ತಿದ್ದಿತು. ಈ ಕೊರತೆಯನ್ನು ಕಂಡು, ಮಠಾಧಿಪತಿಯಾಗುವವನಿಗೆ ವ್ಯವಸ್ಥಿತವಾದ ವಿದ್ಯಾಭ್ಯಾಸ ಬೇಕೆಂದು ಕಾರ್ಯೋನ್ಮುಖರಾದವರು ಹಾನಗಲ್ಲ ಕುಮಾರಸ್ವಾಮಿಗಳು (1867–1930). 1904ರಲ್ಲಿ ವೀರಶೈವ ಮಹಾಸಭೆಯನ್ನು ಹುಟ್ಟುಹಾಕಿದ ಆ ಮಹನೀಯರು 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ದಡದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿ, ಸಂಸ್ಕೃತ, ಶಾಸ್ತ್ರ, ಯೋಗ, ಸಂಗೀತ, ಆಯುರ್ವೇದಗಳನ್ನು ಒಂದೇ ಆವರಣದಲ್ಲಿ ಕಲಿಯುವ ಏರ್ಪಾಡು ಮಾಡಿದರು. ಔಷಧದ ಜ್ಞಾನವನ್ನೂ ಹಾಡನ್ನೂ ಧರ್ಮಗುರುವಿನ ಶಿಕ್ಷಣದ ಅಂಗಗಳೆಂದು ಆ ಕಾಲದಲ್ಲಿಯೇ ಗಣಿಸಿದುದು ಅವರ ದೂರದೃಷ್ಟಿಗೆ ಸಾಕ್ಷಿಯೆಂದು ನಾನು ಭಾವಿಸುತ್ತೇನೆ. ಅಲ್ಲಿಂದ ಮುಂದಕ್ಕೆ ಓದಬಯಸುವವರಿಗೆ ಕಾಶಿಯ ದಾರಿಯುಂಟು: ಜಂಗಮವಾಡಿ ಮಠದಲ್ಲಿ ವಾಸ, 1791ರ ಸಂಸ್ಕೃತ ಕಾಲೇಜಿನಿಂದ ಬೆಳೆದು 1958ರಲ್ಲಿ ವಿಶ್ವವಿದ್ಯಾನಿಲಯವಾದ ಸಂಸ್ಥೆಯಲ್ಲಿ ಶಾಸ್ತ್ರಿ, ಆಚಾರ್ಯ ಪದವಿಗಳ ಅಧ್ಯಯನ. ಆಚಾರ್ಯವು ಸ್ನಾತಕೋತ್ತರ ಪದವಿಯೇ ಸರಿ. ಆದರೆ ಅದರ ಪರೀಕ್ಷೆ ಗ್ರಂಥದಲ್ಲಿ ನಡೆಯುತ್ತದೆಯೇ ಹೊರತು ರೋಗಿಯ ಮಂಚದ ಬಳಿಯಲ್ಲಿ ಅಲ್ಲ.

ಕ್ರೈಸ್ತರ ಪರಂಪರೆಯೂ ಈ ಭಾಗಕ್ಕೆ ಹೊಸದಲ್ಲ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು 1847ರಲ್ಲಿ ನೆಲೆಗೊಳಿಸಿದ ಬಲ್ಮಠದ ಪಾಠಶಾಲೆಯು ಇಂದಿನ ಕರ್ನಾಟಕ ಥಿಯಾಲಜಿಕಲ್ ಕಾಲೇಜಿನ ಮೂಲವಾಯಿತು. ಬೆಂಗಳೂರಿನ ಯುನೈಟೆಡ್ ಥಿಯಾಲಜಿಕಲ್ ಕಾಲೇಜು 1910ರಲ್ಲಿ ಆರಂಭವಾಯಿತು. ಬಹುಕಾಲ ಇಲ್ಲಿಯೂ ಪ್ರಾಧಾನ್ಯವು ವೇದಪುಸ್ತಕಕ್ಕೂ ಪ್ರಸಂಗಕ್ಕೂ ಸಲ್ಲುತ್ತಿದ್ದಿತು.

ಈ ವಿದ್ಯೆಯ ದಿಕ್ಕನ್ನೇ ಬದಲಿಸಿದವನು ಅಮೆರಿಕೆಯ ಆಂಟನ್ ಬಾಯ್ಸನ್. ಪಾದ್ರಿಯಾಗಿದ್ದ ಆತನು 1920ರಲ್ಲಿ ತೀವ್ರವಾದ ಚಿತ್ತವಿಕಾರಕ್ಕೊಳಗಾಗಿ ಮಾನಸಿಕ ಆಸ್ಪತ್ರೆಯನ್ನು ಸೇರಿ, ತನ್ನ ಯಾತನೆಯ ಅರ್ಥವನ್ನು ತಿಳಿಸಬಲ್ಲ ಒಬ್ಬ ಧರ್ಮಗುರುವನ್ನೂ ಅಲ್ಲಿ ಕಾಣದೆ, ಗುಣಹೊಂದಿದ ತರುವಾಯ ಆ ಕೊರತೆಯನ್ನು ತುಂಬುವುದನ್ನೇ ಬದುಕಿನ ವ್ರತವನ್ನಾಗಿ ಮಾಡಿಕೊಂಡನು. 1925ರ ಬೇಸಗೆಯಲ್ಲಿ ವುಸ್ಟರಿನ ಸರಕಾರಿ ಮಾನಸಿಕ ಆಸ್ಪತ್ರೆಗೆ ನಾಲ್ವರು ದೇವಶಾಸ್ತ್ರ ವಿದ್ಯಾರ್ಥಿಗಳನ್ನು ಕರೆತಂದು, ಗ್ರಂಥವನ್ನು ಓದುವಷ್ಟೇ ಶ್ರದ್ಧೆಯಿಂದ ರೋಗಿಯ ಜೀವನವನ್ನು ಓದಬೇಕೆಂದು ಬೋಧಿಸಿದನು. ಇದೇ ಮುಂದೆ ಕ್ಲಿನಿಕಲ್ ಪಾಸ್ಟರಲ್ ಎಜುಕೇಶನ್ ಎಂಬ ಶಿಕ್ಷಣವಾಯಿತು. ಅದರ ಕ್ರಮವನ್ನು ತುಸು ವಿವರವಾಗಿಯೇ ಹೇಳಬೇಕು. ವಿದ್ಯಾರ್ಥಿಯು ವಾರ್ಡಿಗೆ ಹೋಗಿ ರೋಗಿಯೊಡನೆ ಮಾತನಾಡಿ ಬಂದ ಮೇಲೆ, ರೋಗಿಯೇನೆಂದನು, ತಾನೇನೆಂದೆನು, ಎಲ್ಲಿ ಮೌನವಾಯಿತು, ಎಲ್ಲಿ ತಾನು ಅವಸರದಿಂದ ಉಪದೇಶಕ್ಕಿಳಿದೆನು ಎಂಬುದನ್ನೆಲ್ಲ ನೆನಪಿದ್ದಂತೆ ಅಕ್ಷರಶಃ ಬರೆದು, ಸಹಪಾಠಿಗಳ ಮತ್ತು ಮೇಲ್ವಿಚಾರಕರ ಮುಂದೆ ಓದಬೇಕು. ಅವರ ಪ್ರಶ್ನೆಗಳಲ್ಲಿ ಅವನ ಸ್ವಂತ ಭಯ, ಅಹಂಕಾರ, ಅಸಹನೆಗಳು ಬೆಳಕಿಗೆ ಬರುತ್ತವೆ. ಇಂಥ ಶಿಕ್ಷಣದ ಒಂದು ಘಟಕಕ್ಕೆ 400 ಗಂಟೆಗಳು. ಅಮೆರಿಕೆಯಲ್ಲಿ ಪ್ರಮಾಣಿತ ಚಾಪ್ಲಿನ್ ಆಗಬಯಸುವವನು ದೇವಶಾಸ್ತ್ರದ ಸ್ನಾತಕೋತ್ತರ ಪದವಿಯ ಜೊತೆಗೆ ನಾಲ್ಕು ಘಟಕಗಳನ್ನು ಪೂರೈಸಬೇಕು. ನಮ್ಮ ನೆರೆಯ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಈ ಬಗೆಯ ಶಿಕ್ಷಣವು ಬೇರೂರಿದೆ.

ಸರ್ವಧರ್ಮಗಳಿಗೂ ಈ ಹುದ್ದೆಯನ್ನು ತೆರೆದಿರುವುದು ನಮ್ಮ ದೇಶದಲ್ಲಿ ಭೂಸೇನೆ. ಪಂಡಿತ, ಗ್ರಂಥಿ, ಮೌಲವಿ, ಪಾದ್ರಿ, ಬೌದ್ಧ ಭಿಕ್ಷು ಇವರನ್ನು ಕಿರಿಯ ಅಧಿಕಾರಿಗಳ ದರ್ಜೆಯಲ್ಲಿ ನೇಮಿಸಿಕೊಳ್ಳುವ ಸೇನೆಯು, ಪೂಜೆ, ಶವಸಂಸ್ಕಾರಗಳೊಡನೆ ಆಸ್ಪತ್ರೆಯ ರೋಗಿಗಳ ಶುಶ್ರೂಷೆಯನ್ನೂ ಶಿಕ್ಷೆಗೊಳಗಾದ ಸೈನಿಕರ ಭೇಟಿಯನ್ನೂ ಅವರ ಕರ್ತವ್ಯವೆಂದು ವಿಧಿಸಿದೆ. ಪಂಡಿತನಿಗೆ ಸಂಸ್ಕೃತದಲ್ಲಿ ಆಚಾರ್ಯ ಪದವಿ, ಇಲ್ಲವೆ ಶಾಸ್ತ್ರಿ ಪದವಿಯೊಡನೆ ಕರ್ಮಕಾಂಡದ ಡಿಪ್ಲೊಮಾ ಬೇಕು. ಕಾಶಿಯಲ್ಲಿ ಓದಿದ ನಮ್ಮ ಮಠದ ಹುಡುಗರಿಗೆ ಈ ದ್ವಾರವಿದೆಯೆಂಬ ಸಂಗತಿಯನ್ನು ಅವರಿಗೆ ಯಾರಾದರೂ ತಿಳಿಸಬೇಕಾಗಿದೆ. ಹೊರದೇಶಗಳಲ್ಲಿಯೂ ಪ್ರಿನ್ಸ್‌ಟನ್ ವಿಶ್ವವಿದ್ಯಾನಿಲಯವು 2008ರಲ್ಲಿ, ಜಾರ್ಜ್‌ಟೌನ್ 2016ರಲ್ಲಿ ಹಿಂದೂ ಧರ್ಮಗುರುಗಳನ್ನು ನೇಮಿಸಿದುವು. ಅಲ್ಲಿ ಓದುವ ಕನ್ನಡದ ಮಕ್ಕಳಿಗೂ ಅವರ ಆಸರೆ ದೊರೆಯುತ್ತದೆ.

ಇತ್ತ ನಮ್ಮ ಸೀಮೆಯ ರೋಗಿಯು ಕಡೆಯ ದಿನಗಳನ್ನು ಕಳೆಯುವುದು ಮನೆಯ ಪಡಸಾಲೆಯಲ್ಲಿ ಮಾತ್ರವಲ್ಲ, ಬಳ್ಳಾರಿಯ, ದಾವಣಗೆರೆಯ ದೊಡ್ಡ ಆಸ್ಪತ್ರೆಗಳಲ್ಲಿಯೂ. ಅಲ್ಲಿಗೆ ಅಯ್ಯನವರು ಹೋಗಲಾರರು. ಹೋದರೂ ಮುಸಲ್ಮಾನನ, ದಲಿತನ, ಯಾವ ದೇವರನ್ನೂ ನಂಬದವನ ಮಂಚದ ಬಳಿ ಏನು ಹೇಳಬೇಕೆಂಬುದನ್ನು ಅವರಿಗೆ ಯಾರೂ ಕಲಿಸಿಲ್ಲ. ಮೃತ್ಯುಮುಖದಲ್ಲಿರುವವನ ಆಧ್ಯಾತ್ಮಿಕ ಕ್ಲೇಶವನ್ನು ಶಮನಗೊಳಿಸುವುದೂ ಉಪಶಾಮಕ ಚಿಕಿತ್ಸೆಯ ಭಾಗವೆಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿರುವಾಗ, ಮಠಗಳ ವಿದ್ಯಾವಂತ ಸಾಧಕರಿಗೆ ಆಚಾರ್ಯ ಪದವಿಯ ತರುವಾಯ ಒಂದು ಘಟಕದಷ್ಟಾದರೂ ಆಸ್ಪತ್ರೆಯ ಶಿಕ್ಷಣವನ್ನು ಕೊಡಿಸುವುದು ಅಶಕ್ಯವೇನೂ ಅಲ್ಲ. ಪೂರ್ಣಕಾಲ ದುಡಿದರೆ ಮೂರು ತಿಂಗಳು ಸಾಕು, 1961ರಿಂದ ನಡೆದುಬಂದಿರುವ ಬಳ್ಳಾರಿಯ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಂಥ ಸ್ಥಳವೂ ಹತ್ತಿರದಲ್ಲಿದೆ. ಇಲ್ಲದಿರುವುದು ಮೇಲ್ವಿಚಾರಕರು. ಮೊದಲ ಕೆಲವು ವರ್ಷ ಅವರನ್ನು ವೆಲ್ಲೂರಿನಂಥ ಕಡೆಗಳಿಂದಲೇ ಕರೆತರಬೇಕಾದೀತು, ಅವರು ಕ್ರೈಸ್ತರೇ ಆಗಿದ್ದಾರು. ಅದರಿಂದ ಸಂಕೋಚಪಡತಕ್ಕುದೇನೂ ಇಲ್ಲ. ಶಿವಯೋಗಮಂದಿರದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು ಹಿಂದೂಸ್ತಾನಿ ಸಂಗೀತವನ್ನು ಕಲಿತದ್ದು ಉಸ್ತಾದ್ ವಹೀದ್ ಖಾನರಲ್ಲಿ.